ದಿನಕ್ಕೆ ಇಪ್ಪತ್ತಮೂರು

ಮಾರ್ಚ್ ೩, ಸೋಮವಾರ

ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಂಡು ಬಂದೆ. ಬಂದಾಗಿನಿಂದ ಮೈ ಉರಿಯುತ್ತಿದೆ. ಫೆಬ್ರವರಿ ಒಂದೇ ತಿಂಗಳಲ್ಲಿ ಎಟಿಎಂ ಶುಲ್ಕವೆಂದು ಹದಿನೇಳು ಸಲ ಇಪ್ಪತ್ತಮೂರು ರೂಪಾಯಿ ಕಿತ್ತುಕೊಂಡಿದ್ದಾರೆ. ಒಟ್ಟು ಮುನ್ನೂರ ತೊಂಬತ್ತೊಂದು. ತಿಂಗಳಿಗೆ ಐದು ಸಲ ಪುಕ್ಕಟೆಯಂತೆ, ಆರನೆಯದರಿಂದ ದಂಡ. ನಮ್ಮ ದುಡ್ಡನ್ನು ನಾವು ತೆಗೆದುಕೊಳ್ಳುವುದಕ್ಕೆ!

ನಾನು ತಕ್ಕಡಿ ರಿಪೇರಿ ಮಾಡುವವನು. ಇಪ್ಪತ್ತೆಂಟು ವರ್ಷದಿಂದ ಅಂಗಡಿ ಅಂಗಡಿ ತಿರುಗಿ ಐದು ಗ್ರಾಂ ಹೆಚ್ಚುಕಮ್ಮಿ ತೂಗುವ ತಕ್ಕಡಿಯನ್ನೂ ಬಿಡದೆ ಸರಿಮಾಡಿದವನು. ತರಕಾರಿಯವನು ಹತ್ತು ಗ್ರಾಂ ಹೊಡೆದರೆ ತೂಕ-ಅಳತೆ ಇಲಾಖೆಯವರು ತಕ್ಕಡಿ ಕಿತ್ತುಕೊಂಡು ಹೋಗುತ್ತಾರೆ. ಬ್ಯಾಂಕಿನವರು ಮುನ್ನೂರ ತೊಂಬತ್ತೊಂದು ಹೊಡೆದು, ಅದನ್ನು ಅಚ್ಚುಕಟ್ಟಾಗಿ ಮುದ್ರಿಸಿ ನಮ್ಮ ಕೈಗೇ ಕೊಡುತ್ತಾರೆ.

ಇದನ್ನೆಲ್ಲ ಮೂರನೇ ಕೌಂಟರಿನ ಹುಡುಗಿಗೆ ವಿವರಿಸುತ್ತಿರುವಾಗ, ನನ್ನ ಹಿಂದೆ ನಿಂತಿದ್ದ ಒಬ್ಬನನ್ನು ಮ್ಯಾನೇಜರ್ ತಾವೇ ಎದ್ದು ಬಂದು ಒಳಗೆ ಕರೆದುಕೊಂಡು ಹೋದರು. ಅವನಿಗೆ ಮೆತ್ತನೆಯ ಕುರ್ಚಿ, ತಣ್ಣನೆಯ ನೀರು. ಅವನದು ದೊಡ್ಡ ಖಾತೆಯಂತೆ. ಅಂಥವರು ಎಷ್ಟು ಸಲ ತೆಗೆದರೂ ಶುಲ್ಕವಿಲ್ಲವಂತೆ. ಅವನ ಬೂಟಿನ ಹೊಳಪು ನೋಡಿಯೂ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಖಾತೆ ನಮ್ಮಿಬ್ಬರದು. ಕಾರ್ಡು ಮಾತ್ರ ಹೆಂಡತಿಯ ಹತ್ತಿರ. ಅವಳು ನರ್ಸಿಂಗ್ ಹೋಮಿನ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಾಳೆ, ಸಂಬಳ ಈ ಖಾತೆಗೇ ಬೀಳುತ್ತದೆ. ನನಗೆ ಅಂಗಡಿಗಳವರು ಕೈಗೇ ಕೊಡುವುದರಿಂದ ನಾನು ಎಟಿಎಂ ಮೆಟ್ಟಿಲು ಹತ್ತುವುದಿಲ್ಲ. ಅಂದರೆ ಹದಿನೇಳೂ ಅವಳದೇ. ಊಟಕ್ಕೆ ಕೂತಾಗ ಕೇಳಿದೆ. ಏನೋ ಖರ್ಚಿಗೆ ಬೇಕಾಗಿತ್ತು ಎಂದು ಹೇಳಿ ಸ್ಟೌ ಸರಿಯಾಗಿ ಹತ್ತುತ್ತಿಲ್ಲವೆಂಬ ಮಾತು ತೆಗೆದಳು. ಒಂದೇ ಸಲ ತೆಗೆಯಬಾರದೇ ಎಂದು ಗದರಿದೆ. ಅವಳು ತಟ್ಟೆ ಎತ್ತಿಕೊಂಡು ಎದ್ದಳು.

ಮಾರ್ಚ್ ೫, ಬುಧವಾರ

ಬ್ಯಾಂಕಿಗೆ ಮತ್ತೆ ಹೋದೆ. ಪಾಸ್‌ಬುಕ್ಕಿನಲ್ಲಿ ತಾರೀಖು ಮಾತ್ರ ಇರುತ್ತದೆ, ಪೂರ್ತಿ ವಿವರ ಬೇಕೆಂದೆ. ಅದಕ್ಕೆ ಐವತ್ತು ಶುಲ್ಕವಂತೆ. ಶುಲ್ಕ ಯಾಕೆ ಹಿಡಿದಿರಿ ಎಂದು ತಿಳಿದುಕೊಳ್ಳುವುದಕ್ಕೂ ಶುಲ್ಕ! ಕೊಟ್ಟೆ. ಹಟಕ್ಕೆ ಬಿದ್ದವನು ನಾನು.

ಕಾಗದವನ್ನು ಬಸ್‌ಸ್ಟಾಪಿನಲ್ಲಿ ಕೂತು ಓದಿದೆ. ಇಪ್ಪತ್ತೆರಡು ಸಲ ದುಡ್ಡು ತೆಗೆದಿದ್ದಾಳೆ. ಪ್ರತಿ ಸಲವೂ ನೂರೇ ನೂರು. ಇಪ್ಪತ್ತೆರಡೂ ಹಳೇ ಮಾರ್ಕೆಟ್ ರಸ್ತೆಯ ಎಟಿಎಂನಲ್ಲಿ. ಇಪ್ಪತ್ತೆರಡೂ ಮೂರೂ ಇಪ್ಪತ್ತರಿಂದ ಮೂರೂ ಮುಕ್ಕಾಲರ ಒಳಗೆ.

ನರ್ಸಿಂಗ್ ಹೋಮಿನ ಗೇಟಿನಲ್ಲೇ ಇದೇ ಬ್ಯಾಂಕಿನ ಎಟಿಎಂ ಇದೆ. ಹಳೇ ಮಾರ್ಕೆಟ್ ರಸ್ತೆ ಅಲ್ಲಿಂದ ಇಪ್ಪತ್ತು ನಿಮಿಷದ ದಾರಿ, ಅದೂ ನಮ್ಮ ಮನೆಗೆ ಪೂರ್ತಿ ವಿರುದ್ಧ ದಿಕ್ಕು. ಮೂರೂವರೆಗೆ ಅವಳು ಅಲ್ಲೇನು ಮಾಡುತ್ತಾಳೆ? ಕೆಲಸ ಐದಕ್ಕೆ ಬಿಡುತ್ತದಲ್ಲ? ಬಿಡುತ್ತದೆ ಎಂದು ನಾನೇ ಅಂದುಕೊಂಡಿದ್ದೆನೇನೋ. ಕೇಳಿದ ನೆನಪಿಲ್ಲ.

ಮಾರ್ಚ್ ೭, ಶುಕ್ರವಾರ

ಎರಡು ದಿನದಿಂದ ಅವಳನ್ನು ಗಮನಿಸುತ್ತಿದ್ದೇನೆ. ಬೆಳಿಗ್ಗೆ ಎರಡು ಲೋಟ ಹಿಡಿಸುವ ದೊಡ್ಡ ಫ್ಲಾಸ್ಕು ಒಯ್ಯುತ್ತಾಳೆ. ಒಬ್ಬಳಿಗೆ ಅಷ್ಟು ಚಹಾ ಯಾಕೆ? ತಲೆ ಬಾಚುವಾಗ ಕಿವಿಯ ಹತ್ತಿರದ ಬಿಳಿ ಕೂದಲನ್ನು ಹಿಂದಕ್ಕೆ ಸಿಕ್ಕಿಸುತ್ತಾಳೆ. ಎಡಗೈ ಬೆರಳುಗಳ ತುದಿ ಸೋಪಿನ ಪುಡಿಗೆ ಒಡೆದಿವೆ, ಅವಕ್ಕೆ ಮುಲಾಮು ಹಚ್ಚಿಕೊಳ್ಳುತ್ತಾಳೆ. ಇದನ್ನೆಲ್ಲ ಮೊದಲಿನಿಂದ ಮಾಡುತ್ತಿದ್ದಳೋ ಈಗ ಶುರುಮಾಡಿದಳೋ ಗೊತ್ತಾಗುತ್ತಿಲ್ಲ.

ಹೊಟ್ಟೆಯೊಳಗೆ ಈ ಉರಿ ನನಗೆ ಹೊಸದೇನಲ್ಲ. ಮದುವೆಯಾದ ಹೊಸತರಲ್ಲಿ ಅವಳ ಅಣ್ಣನ ಹೆಸರು ಕೇಳಿದರೆ ಹೀಗೇ ಆಗುತ್ತಿತ್ತು. ಭಾವನಿಗೆ ಆಗ ಪೀಠೋಪಕರಣದ ದೊಡ್ಡ ಅಂಗಡಿ, ಮುಂದೆ ಪೂರ್ತಿ ಗಾಜು. ಗುಂಡು ಗುಂಡಾಗಿ, ನುಣ್ಣಗೆ ಮುಖ ಬೋಳಿಸಿಕೊಂಡು, ಗಲ್ಲಾ ಹಿಂದೆ ಕೂತಿರುತ್ತಿದ್ದ. ನನ್ನನ್ನು ಕಂಡರೆ ಎಲ್ಲರೆದುರು ‘ಬನ್ನಿ ಗ್ರಾಂ ಸಾಹೇಬ್ರೇ’ ಎನ್ನುತ್ತಿದ್ದ. ತಮಾಷೆಗೆ ಅನ್ನುತ್ತಿದ್ದನಂತೆ. ಇವಳ ಬಾಯಲ್ಲಿ ಮೂರು ಹೊತ್ತೂ ಅಣ್ಣ ಅದು ತಂದ, ಅಣ್ಣ ಇದು ಹೇಳಿದ. ಹನ್ನೊಂದು ವರ್ಷದ ಕೆಳಗೆ, ನಮ್ಮನ್ನು ಕೇಳದೆ ಕನ್ನಡಿಯಿರುವ ಒಂದು ಬೀರು ಕಳಿಸಿದ. ಬಂದ ಗಾಡಿಯಲ್ಲೇ ವಾಪಸು ಕಳಿಸಿದೆ. ಅವನ ಮಾತು ಈ ಮನೆಯಲ್ಲಿ ಬೇಡ ಎಂದೆ. ಅಂದಿನಿಂದ ಅವಳು ಎತ್ತಿಲ್ಲ. ಭಾವ ಈಗ ಇನ್ನೂ ಎರಡು ಅಂಗಡಿ ತೆರೆದಿರಬೇಕು.

ಅವನಾದರೂ ಅಣ್ಣ. ಇವನು ಯಾರು?

‘ಇವನು’ ಎಂದು ಬರೆದುಬಿಟ್ಟೆ. ಯಾರೋ ಇದ್ದಾನೆಂದು ಯಾರು ಹೇಳಿದರು?

ಮಾರ್ಚ್ ೧೧, ಮಂಗಳವಾರ

ಇದ್ದಾನೆ.

ಎರಡೂವರೆಗೆ ಕೆಲಸ ಬಿಟ್ಟು ಹಳೇ ಮಾರ್ಕೆಟ್ ರಸ್ತೆಗೆ ಹೋದೆ. ಎಟಿಎಂ ಎದುರಿಗೆ ಒಂದು ಜೆರಾಕ್ಸ್ ಅಂಗಡಿ. ಏನಾದರೂ ಮಾಡಿಸಬೇಕಲ್ಲ ಎಂದು ಬ್ಯಾಂಕಿನವರು ಕೊಟ್ಟ ಕಾಗದವನ್ನೇ ನಾಲ್ಕು ಪ್ರತಿ ತೆಗೆಸಿದೆ. ಅಂಗಡಿಯವನು ವಿಚಿತ್ರವಾಗಿ ನೋಡಿದ.

ಮೂರೂ ಇಪ್ಪತ್ತೈದಕ್ಕೆ ಬಂದಳು. ಒಬ್ಬಳೇ ಅಲ್ಲ, ಜೊತೆಗೆ ಅವಳ ಕೆಲಸದವರು ಮೂರು ಜನ. ಒಬ್ಬೊಬ್ಬರಾಗಿ ಒಳಗೆ ಹೋಗಿ ಬಂದು ಅವರು ಹೊರಟರು. ಇವಳು ನಿಂತಳು. ಬಾಗಿಲು ಕಾಯುವವನು ತನ್ನ ಸ್ಟೂಲನ್ನು ತೋಳಿನಿಂದ ಒರೆಸಿ ಇವಳ ಕಡೆಗೆ ತಳ್ಳಿದ. ತಾನು ಮೆಟ್ಟಿಲ ಮೇಲೆ ಕೂತ. ಇವಳು ಫ್ಲಾಸ್ಕು ತೆಗೆದು ಅವನಿಗೆ ಮೊದಲು ಬಗ್ಗಿಸಿದಳು. ನೀಲಿ ಅಂಗಿ, ಕಡ್ಡಿಯಂಥ ಮೈ, ಟೋಪಿಯ ಕೆಳಗೆ ಬಿಳಿ ಗಡ್ಡ. ನಡುವೆ ಬಸ್ಸುಗಳು ಓಡಾಡುತ್ತಿದ್ದವು, ಮುಖ ಸರಿಯಾಗಿ ಕಾಣಲಿಲ್ಲ. ಕಂಡು ಆಗಬೇಕಾದ್ದೇನು. ಅವನು ಏನೋ ಹೇಳಿದ, ಇವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಭುಜ ಕುಲುಕುವಷ್ಟು.

ಹತ್ತಿರ ಹೋಗಿ ಕೇಳಬಹುದಿತ್ತು. ಹೋಗಲಿಲ್ಲ. ಹೋದರೆ ಆ ನಗು ನಿಂತುಹೋಗುತ್ತದೆ, ನನ್ನನ್ನು ಕಂಡೊಡನೆ ನಿಂತಿತೆಂದು ನನಗೇ ತೋರುತ್ತದೆ. ಅದನ್ನು ನೋಡುವುದು ನನಗೆ ಬೇಡವಾಗಿತ್ತು.

ಐವತ್ತೆರಡು ವರ್ಷದ ಹೆಂಗಸು. ಅರವತ್ತರ ಹತ್ತಿರದ ಕಾವಲಿನವನು. ಅವನಲ್ಲಿ ಏನಿದೆ? ಬಾಗಿಲು ತೆಗೆಯುವುದು, ಹಾಕುವುದು. ನಾನಾದರೆ ಎಂಥಾ ತಕ್ಕಡಿಯನ್ನಾದರೂ ಬಿಚ್ಚಿ ಜೋಡಿಸಬಲ್ಲೆ.

ಮಾರ್ಚ್ ೧೨, ಬುಧವಾರ

ಬ್ಯಾಂಕಿನ ಮ್ಯಾನೇಜರಿಗೆ ಅರ್ಜಿ ಬರೆದೆ. ಮೂರು ಸಲ ಹರಿದು ನಾಲ್ಕನೆಯದು ಮನಸ್ಸಿಗೆ ಬಂತು. ಮೊದಲ ಪುಟ ಪೂರ್ತಿ ಶುಲ್ಕದ ವಿಷಯ. ಎರಡನೆಯ ಪುಟದಲ್ಲಿ ಹೀಗೆ ಬರೆದಿದ್ದೇನೆ: ‘ಸದರಿ ಎಟಿಎಂನ ಕಾವಲುಗಾರನು ಗಿರಾಕಿಗಳನ್ನು, ಅದರಲ್ಲೂ ಹೆಂಗಸರನ್ನು, ಸ್ಟೂಲಿನ ಮೇಲೆ ಕೂರಿಸಿಕೊಂಡು ಚಹಾ ಕುಡಿಯುತ್ತಾ ಕಾಲಹರಣ ಮಾಡುತ್ತಾನೆ. ಈತನ ಸಲುಗೆಯಿಂದಾಗಿ ನನ್ನ ಪತ್ನಿಯು ದಿನಂಪ್ರತಿ ಅಲ್ಲಿ ಅನಗತ್ಯವಾಗಿ ಹಣ ತೆಗೆದು, ಪ್ರತಿ ಸಲವೂ ಇಪ್ಪತ್ತಮೂರು ಕಳೆದುಕೊಳ್ಳುತ್ತಿದ್ದಾಳೆ. ಕಾವಲು ಕಾಯಬೇಕಾದವನಿಂದಲೇ ಖಾತೆದಾರರಿಗೆ ನಷ್ಟವಾಗುತ್ತಿದೆ.’

ಅಕ್ಷರ ಮುತ್ತಿನಂತೆ ಬಂದಿದೆ. ಕೆಳಗೆ ಪೂರ್ತಿ ಹೆಸರು, ವಿಳಾಸ, ಸಹಿ. ಕದ್ದುಮುಚ್ಚಿ ಬರೆಯುವ ಜಾತಿ ನನ್ನದಲ್ಲ. ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಬಂದೆ.

ಮಾರ್ಚ್ ೧೪, ಶುಕ್ರವಾರ

ಹೊಸ ಅಂಗಿ ತೆಗೆದುಕೊಂಡೆ. ನೀಲಿ ಬೇಡ ಎಂದು ಅಂಗಡಿಯವನಿಗೆ ಮೊದಲೇ ಹೇಳಿದೆ. ಸಂಜೆ ಹಾಕಿಕೊಂಡು ಅವಳೆದುರು ಎರಡು ಸಲ ಓಡಾಡಿದೆ. ಎಲ್ಲಿಗಾದರೂ ಹೊರಟಿದ್ದೀರಾ ಎಂದು ಕೇಳಿದಳು. ಇಲ್ಲ ಎಂದೆ. ಹಾಗಾದರೆ ಬಿಚ್ಚಿಡಿ, ಕೊಳೆಯಾಗುತ್ತದೆ ಎಂದಳು.

ಆಮೇಲೆ ಸ್ಟೌ ಬಿಚ್ಚಿ ಕೊಳವೆ ತೊಳೆದು ಕೂರಿಸಿಕೊಟ್ಟೆ. ಉರಿ ಚೆನ್ನಾಗಿ ಬರುತ್ತಿದೆ. ಇದಕ್ಕೆ ಅವಳು ಎರಡು ತಿಂಗಳಿಂದ ಹೇಳುತ್ತಿದ್ದಳಂತೆ. ಬೆಳ್ಳುಳ್ಳಿ ಸುಲಿಯುವಾಗ ಅವಳ ಒಡೆದ ಬೆರಳು ಉರಿಯುತ್ತದೆ, ಮುಖ ಕಿವುಚುತ್ತಾಳೆ. ನಾನೇ ಸುಲಿದುಕೊಟ್ಟೆ. ಕಾವಲಿನವನು ಸುಲಿದುಕೊಡುತ್ತಾನೆಯೇ?

ಮಾರ್ಚ್ ೧೯, ಬುಧವಾರ

ಗೆದ್ದೆ!

ಬ್ಯಾಂಕಿನಿಂದ ಫೋನು ಬಂತು. ಹೋದೆ. ಮ್ಯಾನೇಜರ್ ಒಳಗೆ ಕರೆದರು, ಕುರ್ಚಿ ಕೊಟ್ಟರು. ಮೆತ್ತನೆಯದೇ. ಇಷ್ಟು ವಿವರವಾದ ಅರ್ಜಿ ಈಚೆಗೆ ಬಂದಿರಲಿಲ್ಲವಂತೆ. ನಿಯಮದ ಪ್ರಕಾರ ಶುಲ್ಕ ಸರಿಯೇ ಆದರೂ, ಹಳೆಯ ಖಾತೆದಾರರೆಂದು ಮುನ್ನೂರ ತೊಂಬತ್ತೊಂದನ್ನೂ ವಾಪಸು ಹಾಕಿದ್ದಾರೆ. ಕಾವಲಿನವನ ವಿಚಾರ ಕೇಳಿದೆ. ನನ್ನ ಅರ್ಜಿಯನ್ನು ಅವನನ್ನು ಕಳಿಸುವ ಏಜೆನ್ಸಿಗೆ ಕೊಟ್ಟರಂತೆ. ಅವರು ಅವನ ಕೈಗೇ ಕೊಟ್ಟು ಓದಿಸಿ, ಸಹಿ ಹಾಕಿಸಿಕೊಂಡು, ನಿನ್ನೆಯಿಂದ ತೆಗೆದುಹಾಕಿದರಂತೆ. ಏನಾದರೂ ಹೇಳಿದನೇ ಎಂದು ಕೇಳಿದೆ. ಏನೂ ಹೇಳಲಿಲ್ಲವಂತೆ.

ಬರುವಾಗ ಕೇಕು ತಂದೆ. ಅವಳು ಬಾಗಿಲು ತೆಗೆದಾಗ ಕಣ್ಣು ಕೆಂಪಗಿದ್ದವು. ಸೋಪಿನ ಪುಡಿ ಹಾರಿತು ಎಂದಳು. ಕೇಕು ಮುಟ್ಟಲಿಲ್ಲ. ಅವನಿಗಾಗಿ ಅತ್ತಿದ್ದಾಳೆ. ನನಗಾಗಿ ಯಾವತ್ತಾದರೂ ಅತ್ತಿದ್ದಾಳೆಯೇ? ಕೇಕನ್ನು ನಾನೊಬ್ಬನೇ ತಿಂದೆ, ರುಚಿ ಇರಲಿಲ್ಲ.

ಮಾರ್ಚ್ ೨೧, ಶುಕ್ರವಾರ

ಚಿಕ್ಕ ಫ್ಲಾಸ್ಕು ಒಯ್ಯುತ್ತಿದ್ದಾಳೆ. ಮೂರೂವರೆಗೇ ಮನೆಗೆ ಬರುತ್ತಾಳೆ. ನಾನು ಬಯಸಿದ್ದೂ ಅದೇ. ಕಿಟಕಿಯ ಹತ್ತಿರ ಕೂತು ಹೊರಗೆ ನೋಡುತ್ತಾಳೆ.

ಮಾರ್ಚ್ ೨೪, ಸೋಮವಾರ

ಇದನ್ನು ಹೇಗೆ ಬರೆಯಲಿ.

ಸಂಜೆ ಅವಳು ಬಂದು ನನ್ನೆದುರು ಕೂತಳು. ಎರಡು ಸಾವಿರ ಬೇಕು, ಕೇಳದೆ ತೆಗೆಯಲು ಮನಸ್ಸಾಗಲಿಲ್ಲ ಎಂದಳು. ಯಾಕೆ ಎಂದೆ. ಹೇಳಿದಳು:

“ಅಣ್ಣನ ಕೆಲಸ ಹೋಯ್ತು.”

ನನಗೆ ಅರ್ಥವಾಗಲಿಲ್ಲ. ಅವನಿಗೆಂಥ ಕೆಲಸ, ಅಂಗಡಿ ಇದೆಯಲ್ಲ ಎಂದೆ. ಅಂಗಡಿ ಮುಳುಗಿ ಎರಡು ವರ್ಷವಾಯಿತಂತೆ. ಮನೆಯನ್ನೂ ಮಾರಿದರಂತೆ. ಕಳೆದ ವರ್ಷದಿಂದ ಹಳೇ ಮಾರ್ಕೆಟ್ ರಸ್ತೆಯ ಎಟಿಎಂ ಕಾಯುತ್ತಿದ್ದನಂತೆ.

ಆ ನೀಲಿ ಅಂಗಿ, ಬಿಳಿ ಗಡ್ಡ; ನಾನು ಅರ್ಜಿ ಬರೆದದ್ದು ಅವನ ಮೇಲೆ. ಅವಳು ಹೇಳುತ್ತಾ ಹೋದಳು. ಆ ಎಟಿಎಂಗೆ ಬರುವವರು ಕಡಿಮೆ. ದಿನಕ್ಕೆ ಅರವತ್ತು ಸಲವಾದರೂ ಕಾರ್ಡು ಹಾಕದಿದ್ದರೆ ಯಂತ್ರವನ್ನೇ ಕಿತ್ತುಬಿಡುತ್ತಾರೆಂದು ಏಜೆನ್ಸಿಯವರು ಜನವರಿ ಕೊನೆಯಲ್ಲಿ ಹೇಳಿದ್ದರಂತೆ. ಯಂತ್ರ ಹೋದರೆ ಕಾವಲು ಯಾಕೆ? ಅದಕ್ಕೇ ಇವಳು ದಿನವೂ ಹೋಗಿ ನೂರು ತೆಗೆದು ಬರುತ್ತಿದ್ದಳು. ಕೆಲಸದವರನ್ನೂ ಪುಸಲಾಯಿಸಿ ಕರೆದುಕೊಂಡು ಹೋಗುತ್ತಿದ್ದಳು. ಐದು ಸಲ ದಾಟಿದರೆ ಇಪ್ಪತ್ತಮೂರು ಹೋಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೈಗೆ ಕೊಟ್ಟರೆ ಅಣ್ಣ ಒಂದು ಕಾಸೂ ಮುಟ್ಟುವವನಲ್ಲ. ಇದಾದರೆ ಅವನಿಗೆ ಗೊತ್ತಾಗುವುದಿಲ್ಲ, ಅವನ ಸಂಬಳ ಅವನಿಗೆ ಬರುತ್ತದೆ.

“ನನಗೆ ಹೇಳಬಹುದಿತ್ತಲ್ಲ,” ಎಂದೆ.

“ಹೇಳಿದ್ರೆ ನಿಮಗೆ ಸಂತೋಷ ಆಗ್ತಿತ್ತು,” ಎಂದಳು. “ಅದನ್ನ ನೋಡೋಕೆ ನನ್ನ ಕೈಲಿ ಆಗ್ತಿರಲಿಲ್ಲ.”

ಆಗುತ್ತಿತ್ತು. ಗಾಜಿನ ಅಂಗಡಿ ಹೋಯಿತೆಂದು ಕೇಳಿದ ಕೂಡಲೇ, ಈಗ ಕೂಡ, ಇಷ್ಟು ಗಾಬರಿಯ ನಡುವೆಯೂ, ಎದೆಯೊಳಗೆ ಒಂದು ಕಡೆ ಹಿತವೆನಿಸಿತ್ತು. ಈ ಪುಸ್ತಕದಲ್ಲಾದರೂ ಬರೆದಿಡುತ್ತೇನೆ.

ಯಾರೋ ಪುಣ್ಯಾತ್ಮ ಅರ್ಜಿ ಬರೆದನಂತೆ, ಯಾರೆಂದು ಕೇಳಿದರೆ ಅಣ್ಣ ಹೇಳಲೊಲ್ಲ, ಯಾರೋ ಗೊತ್ತಿಲ್ಲದವರು ಎನ್ನುತ್ತಾನೆ ಎಂದಳು. ನಾನು ಎದ್ದು ಹೋಗಿ ಎರಡು ಸಾವಿರ ತಂದುಕೊಟ್ಟೆ. ನಿಮ್ಮ ಮನಸ್ಸು ದೊಡ್ಡದು ಎಂದಳು.

ಮಾರ್ಚ್ ೨೫, ಮಂಗಳವಾರ

ಬ್ಯಾಂಕಿಗೆ ಹೋಗಿ ಅರ್ಜಿ ವಾಪಸು ಕೊಡಿ ಎಂದೆ. ಹಾಗೆಲ್ಲ ಬರುವುದಿಲ್ಲವಂತೆ. ಹಿಂದೆಗೆದುಕೊಳ್ಳುತ್ತೇನೆಂದು ಇನ್ನೊಂದು ಅರ್ಜಿ ಬರೆದೆ. ಆ ಎಟಿಎಂಗೆ ಈಗಾಗಲೇ ಬೇರೆ ಕಾವಲಿನವನು ಬಂದಿದ್ದಾನಂತೆ. ಅವನೂ ಸಂಸಾರಸ್ಥನಂತೆ.

ಮಾರ್ಚ್ ೨೭, ಗುರುವಾರ

ಭಾವನ ಮನೆಗೆ ಹೋದೆ. ವಿಳಾಸವನ್ನು ಏಜೆನ್ಸಿಯಿಂದ ಪಡೆದೆ. ಒಂದು ಗ್ಯಾರೇಜಿನ ಹಿಂದೆ ಒಂದೇ ಕೋಣೆ. ಕೂರುವುದಕ್ಕೆ ಎರಡು ಪ್ಲಾಸ್ಟಿಕ್ ಕುರ್ಚಿ. ಮರದ ಸಾಮಾನು ಒಂದೂ ಇಲ್ಲ. ಅಕ್ಕ, ಅಂದರೆ ಭಾವನ ಹೆಂಡತಿ, ನೀರು ತಂದುಕೊಟ್ಟು ಹೊರಗೆ ಹೋದರು.

ಹೇಗೆ ಶುರುಮಾಡಬೇಕೆಂದು ತಿಳಿಯದೆ ನಾನು ಗೋಡೆ ನೋಡುತ್ತಿದ್ದೆ. ಅವನೇ ತೆಗೆದ. ಅರ್ಜಿಯ ಮೊದಲ ಸಾಲಿಗೇ ಅಕ್ಷರ ಗುರುತು ಸಿಕ್ಕಿತಂತೆ. ಹಿಂದೆ ಅವನ ಅಂಗಡಿಯಲ್ಲಿ ಮೊಳೆ ತೂಗುವ ತಕ್ಕಡಿಯ ರಿಪೇರಿಗೆ ನಾನು ಬರೆದುಕೊಟ್ಟ ರಸೀದಿಗಳಲ್ಲೂ ಇದೇ ಅಕ್ಷರವಂತೆ. ಕಳಚಿದ ಹಲ್ಲಿನ ಸಂದಿಯಿಂದ ನಕ್ಕ.

“ನೀವು ಸುಳ್ಳೇನೂ ಬರೆದಿರಲಿಲ್ಲ. ಕೂರಿಸಿದ್ದು ನಿಜ, ಚಹಾ ಕುಡಿದಿದ್ದೂ ನಿಜ,” ಎಂದ. ಆಮೇಲೆ ನಗು ನಿಂತಿತು. “ದಿನಾ ಇಪ್ಪತ್ತಮೂರು ಕಟ್ತಿದ್ಲು ಅನ್ನೋದು ಮಾತ್ರ ನನಗೆ ಗೊತ್ತಿರಲಿಲ್ಲ. ನಿಮ್ಮ ಕಾಗದ ಓದಿದ ಮೇಲೆ ಗೊತ್ತಾಯ್ತು. ಕೆಲಸ ಹೋಗಿದ್ದಕ್ಕಿಂತ ಅದು ಜಾಸ್ತಿ ಚುಚ್ತು.”

ತಪ್ಪಾಯಿತು ಎಂದೆ. ಕಾಲು ಹಿಡಿಯಲು ಬಗ್ಗಿದೆನೋ ಏನೋ, ಅವನು ತೋಳು ಹಿಡಿದು ಕೂರಿಸಿದ.

“ತಂಗಿಗೆ ನಾನು ಹೇಳಿಲ್ಲ. ಹೇಳೋದೂ ಇಲ್ಲ. ನೀವೂ ಹೇಳ್ಬೇಡಿ. ಇಷ್ಟು ವರ್ಷ ಆದ್ಮೇಲೆ ಅವಳ ಮನೆ ನೆಮ್ಮದಿ ಯಾಕೆ ಕೆಡಿಸೋದು.”

ಬಸ್ಸಿನಲ್ಲಿ ಬರುವಾಗ ಮತ್ತೆ ಅದೇ ಉರಿ ಎದ್ದಿತು. ಅಂಗಡಿ ಹೋಯಿತು, ಮನೆ ಹೋಯಿತು, ಕೆಲಸ ಹೋಯಿತು, ಹಲ್ಲೂ ಹೋಯಿತು. ಆದರೂ ನನಗಿಂತ ಮೇಲೆಯೇ ಕೂತಿದ್ದಾನೆ. ಅವನು ಬೈದಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು. ಅವನು ಮುಚ್ಚಿಟ್ಟ ಗುಟ್ಟಿನ ಕೆಳಗೆ ನಾನು ಸಾಯುವವರೆಗೆ ಬದುಕಬೇಕೇ? ಅದು ಆಗದ ಮಾತು.

ಮಾರ್ಚ್ ೨೯, ಶನಿವಾರ

ಹೇಳಿಬಿಟ್ಟೆ. ಪ್ರಾಮಾಣಿಕನೆಂದು ಹೇಳಿದೆನೋ, ಅವನಿಗೆ ಸೋಲಬಾರದೆಂದು ಹೇಳಿದೆನೋ, ನನಗೆ ಬಗೆಹರಿದಿಲ್ಲ.

ಅವಳು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಪಾಸ್‌ಬುಕ್ಕು, ಐವತ್ತು ಕೊಟ್ಟು ತೆಗೆಸಿದ ಕಾಗದ, ಜೆರಾಕ್ಸ್ ಅಂಗಡಿ, ಅರ್ಜಿ, ಒಂದನ್ನೂ ಬಿಡದೆ ಹೇಳಿದೆ. ಅವಳು ಮಡಿಸುವುದನ್ನು ನಿಲ್ಲಿಸಲಿಲ್ಲ. ದಿಂಬಿನ ಚೀಲ, ಟವೆಲು, ನನ್ನ ಹೊಸ ಅಂಗಿ. ಕೊನೆಗೆ ಕೇಳಿದಳು:

“ಯಾರು ಅಂದ್ಕೊಂಡಿದ್ರಿ ಅವನನ್ನ?”

ನಾನು ಆ ಹೊಸ ಅಂಗಿಯನ್ನೇ ನೋಡಿದೆ. ಅವಳಿಗೆ ತಿಳಿಯಿತು. ಕಿವಿಯವರೆಗೂ ಕೆಂಪಾದಳು. ನನ್ನ ಮೇಲೆ ಕೂಗಾಡುತ್ತಾಳೆಂದುಕೊಂಡೆ. ಬಹಳ ಮೆಲ್ಲಗೆ ಮಾತಾಡಿದಳು.

“ಮದುವೆಯಾಗಿ ಇಪ್ಪತ್ತಾರು ವರ್ಷ ಆಯ್ತು. ನಾನು ಎಲ್ಲಿಗೆ ಹೋಗ್ತೀನಿ, ಎಷ್ಟೊತ್ತಿಗೆ ಕೆಲಸ ಬಿಡುತ್ತೆ, ಒಂದು ದಿನ ಕೇಳಿದವರಲ್ಲ ನೀವು. ಮೊದಲ್ನೇ ಸಲ ತಿಳ್ಕೋಬೇಕು ಅನ್ನಿಸಿದಾಗ್ಲೂ ನನ್ನನ್ನ ಕೇಳಲಿಲ್ಲ. ಐವತ್ತು ಕೊಟ್ಟು ಬ್ಯಾಂಕಿನವರನ್ನ ಕೇಳಿದ್ರಿ.”

ಮಡಿಸಿದ ಬಟ್ಟೆಯಲ್ಲಿ ತನ್ನದನ್ನು ಮಾತ್ರ ಎತ್ತಿಕೊಂಡು ಒಳಗಿನ ಕೋಣೆಗೆ ಹೋದಳು.

ಮಾರ್ಚ್ ೩೦, ಭಾನುವಾರ

ಬೆಳ್ಳುಳ್ಳಿ ಸುಲಿಯಲು ಹೋದೆ. ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಮಾರ್ಚ್ ೩೧, ಸೋಮವಾರ

ಬೆಳಿಗ್ಗೆ ಅವಳು ಹೊರಡುವಾಗ ಬಾಗಿಲ ಹತ್ತಿರ ನಿಂತು ಕೇಳಿದೆ. ಇಷ್ಟು ಸಣ್ಣ ಮಾತು ಇಷ್ಟು ಕಷ್ಟವಾಗಬಹುದೆಂದು ತಿಳಿದಿರಲಿಲ್ಲ. ಎರಡು ಸಲ ಶುರುಮಾಡಬೇಕಾಯಿತು.

“ಕೆಲಸ ಬಿಟ್ಟ ಮೇಲೆ ಎಲ್ಲಿಗೆ ಹೋಗ್ತೀಯಾ?”

ಅವಳು ನನ್ನ ಮುಖವನ್ನೇ ನೋಡಿದಳು. ಸಿಟ್ಟಿತ್ತೋ ಇಲ್ಲವೋ ತಿಳಿಯಲಿಲ್ಲ.

“ಹೇಳಲ್ಲ,” ಎಂದು ಮೆಟ್ಟಿಲಿಳಿದು ಹೋದಳು.

ಮೂರಕ್ಕೆ ಕೆಲಸ ಬಿಡುತ್ತದೆ. ಈಗ ಆರೂ ಹತ್ತು, ಇನ್ನೂ ಬಂದಿಲ್ಲ. ಎರಡು ಸಲ ಚಪ್ಪಲಿ ಮೆಟ್ಟಿಕೊಂಡು ಬಾಗಿಲವರೆಗೆ ಹೋದೆ, ಎರಡು ಸಲವೂ ಬಿಚ್ಚಿಟ್ಟು ಬಂದು ಕೂತೆ.